ಚೆಂಡೆಯ ಪಕ್ಕದ ಮೈಕ್: ಉಡುಪಿಯ ಒಂದು ಹವ್ಯಾಸಿ ಯಕ್ಷಗಾನ ಸಂಘದ ಪ್ರಕರಣ

ಮಲ್ಪೆ ಹತ್ತಿರದ ಒಂದು ಹವ್ಯಾಸಿ ಯಕ್ಷಗಾನ ಸಂಘದ ವಿಷಯ ಇದು. ಬಡಗುತಿಟ್ಟಿನವರು, ಅಂದರೆ ಯಕ್ಷಗಾನದ ಉತ್ತರದ ಶೈಲಿಯವರು. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಕೊಯ್ಲಾದ ಗದ್ದೆ, ಶಾಲೆಯ ಅಂಗಳ, ದೈವಸ್ಥಾನದ ಎದುರು ಎಂದು ಅಲ್ಲಲ್ಲಿ ಆಟ ಆಡುತ್ತಾರೆ. ಸ್ಪೀಕರ್, ಆಂಪ್ಲಿಫೈಯರ್ ಬಾಡಿಗೆಗೆ ಬರುತ್ತವೆ. ಮೈಕಿನ ಸದ್ದು ಏರಿಸಿ ಇಳಿಸುವ ಮಿಕ್ಸರ್ ಮತ್ತು ಪದ ಹಾಡುವ ಭಾಗವತರ ಮೈಕ್ ಮಾತ್ರ ಸಂಘದ್ದೇ.

ಕಳೆದ ಸೀಸನ್ ಮುಗಿಯುವ ಹೊತ್ತಿಗೆ ಆ ಮೈಕಿನ ಬಗ್ಗೆ ಮೂರು ದೂರು ಬಂದಿದ್ದವು. ಪದ ಏನೆಂದು ಗೊತ್ತಾಗುವುದಿಲ್ಲ, ಬರೀ ಚೆಂಡೆ ಕೇಳುತ್ತದೆ ಎಂದು ಪ್ರೇಕ್ಷಕರು. "ನನ್ನ ಸ್ವರ ನನಗೇ ಕೇಳುದಿಲ್ಲ ಮಾರಾಯ್ರೆ" ಎಂದು ಭಾಗವತರು. ಸ್ವಲ್ಪ ಏರಿಸಿದರೆ ಸಾಕು, ಮೈಕ್ ಬೊಬ್ಬೆ ಹೊಡೆಯುತ್ತದೆ ಎಂದು ಮಿಕ್ಸರ್ ನೋಡಿಕೊಳ್ಳುವ ಹುಡುಗ. ಸಮಿತಿ ಕೂತು ಹೊಸ ಮೈಕ್ ತರುವುದೆಂದು ತೀರ್ಮಾನಿಸಿತು. ಮೈಕ್, ಸ್ಟ್ಯಾಂಡ್, ಕೇಬಲ್ ಎಲ್ಲ ಸೇರಿ 25 ಸಾವಿರದ ಒಳಗೆ ಆಗಬೇಕು, ತಂದದ್ದು ಹತ್ತು ವರ್ಷ ಬಾಳಬೇಕು. ನಾನು ಈ ಕಡೆ ಸೌಂಡ್ ಕೆಲಸ ಮಾಡುವವನು. ಯಾವುದು ತರುವುದು ಎಂದು ಕೇಳಲು ನನ್ನ ಹತ್ತಿರ ಬಂದರು.

ಅಂಗಡಿಗೆ ಹೋಗಿ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ನೋಡಿ ಕೊಳ್ಳುವುದು ನಮ್ಮ ಕಡೆಯ ರೂಢಿ. ಆದರೆ ಅಂಗಡಿಯಲ್ಲಿ ಚೆಂಡೆ ಇರುವುದಿಲ್ಲ, ಅಲ್ವಾ? ಭಾಗವತರ ಮೈಕಿಗೆ ಎದುರಿನ ಸ್ವರ ಚೆನ್ನಾಗಿ ಕೇಳಿದರೆ ಸಾಲದು. ಪಕ್ಕದ ಸದ್ದು ಎಷ್ಟು ಕಡಿಮೆ ಕೇಳುತ್ತದೆ ಎನ್ನುವುದೇ ಮೊದಲು ನೋಡಬೇಕಾದದ್ದು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಹಳೆಯ ಮೈಕ್

ಮೊದಲು ಹಳೆಯದನ್ನು ಬಿಚ್ಚಿ ನೋಡಿದೆವು. ಅದರ ಮೇಲೆ ಒಂದು ದೊಡ್ಡ ಕಂಪನಿಯ ಹೆಸರು ಅಚ್ಚಾಗಿತ್ತು. ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟರೆ ಅಸಲಿ ಮಾದರಿಯ ತೂಕಕ್ಕೂ ಇದಕ್ಕೂ ತಾಳೆಯೇ ಇಲ್ಲ. ನಕಲಿ ಎಂದು ಅಲ್ಲೇ ಗೊತ್ತಾಯಿತು. ಹೆಸರಾದ ಮೈಕುಗಳ ನಕಲು ಮಾರುಕಟ್ಟೆಯಲ್ಲಿ ಧಾರಾಳ ಇದೆ. ಅದರಲ್ಲೂ ಶೂರ್ ಕಂಪನಿಯ ಎಸ್‌ಎಂ 58ರ ನಕಲು ಜಾಸ್ತಿ. ಅಸಲಿ ಎಸ್‌ಎಂ 58 ತೂಗುವುದು 298 ಗ್ರಾಂ. ಬೆಲೆ ಅಸಲಿಯ ಅರ್ಧಕ್ಕಿಂತ ಕೆಳಗಿದ್ದರೆ ತಕ್ಕಡಿಯೂ ಬೇಡ, ಬಿಟ್ಟು ಬನ್ನಿ.

ಜಾಲರಿಯೊಳಗಿನ ಸ್ಪಂಜು ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಇದ್ದಷ್ಟು ಭಾಗ ಕೆಂಪಾಗಿತ್ತು. ಭಾಗವತರು ಕವಳ (ಎಲೆ ಅಡಿಕೆ) ಹಾಕುವವರು, ಇನ್ನೇನಾಗುತ್ತದೆ. ಕೇಬಲ್ ಸಿಕ್ಕಿಸುವ ಮೂರು ಪಿನ್ನುಗಳು ಉಪ್ಪುಗಾಳಿಗೆ ಕಪ್ಪಾಗಿದ್ದವು. ಆನ್-ಆಫ್ ಸ್ವಿಚ್ಚಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಯಾರೋ ಕೈ ತಾಗಿಸಿ ಆಫ್ ಮಾಡಿ, ಮಿಕ್ಸರಿನ ಹುಡುಗ ಕೇಬಲ್ ಹುಡುಕಿಕೊಂಡು ಓಡಿದ ಮೇಲೆ ಬಂದ ಬುದ್ಧಿ ಅದು. ಹಾಗಾಗಿ ಹೊಸದರಲ್ಲಿ ಸ್ವಿಚ್ಚೇ ಬೇಡ ಎನ್ನುವುದು ಚರ್ಚೆಯಿಲ್ಲದೆ ತೀರ್ಮಾನವಾಯಿತು.

ಇಷ್ಟು ನೋಡಿ ಎಲ್ಲದಕ್ಕೂ ನಕಲಿ ಮೈಕೇ ಕಾರಣ ಎಂದು ಮುಗಿಸಬಹುದಿತ್ತು. ಸಮಿತಿಯವರಿಗೂ ಅದೇ ಬೇಕಿತ್ತು. ಆದರೆ ಮೈಕ್ ಬದಲಾಯಿಸಿ, ಇಡುವ ಜಾಗ ಹಾಗೇ ಉಳಿಸಿಕೊಂಡಿದ್ದರೆ ಮೂರು ದೂರಿನಲ್ಲಿ ಎರಡು ಹಾಗೇ ಉಳಿಯುತ್ತಿದ್ದವು. ಯಾಕೆಂದು ಹೇಳುತ್ತೇನೆ.

ಯಾರು ಎಲ್ಲಿ

ಭಾಗವತರು ರಂಗಸ್ಥಳದ ಹಿಂಭಾಗದ ನಡುವಿನಲ್ಲಿ, ಹಿಮ್ಮೇಳದ ಮಂಚದ ಮೇಲೆ ಪ್ರೇಕ್ಷಕರತ್ತ ಮುಖ ಮಾಡಿ ಕೂರುತ್ತಾರೆ. ಎರಡೂ ಕೈಯಲ್ಲಿ ತಾಳ. ಮೈಕ್ ಕೈಯಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ, ಸ್ಟ್ಯಾಂಡೇ ಗತಿ. ಮದ್ದಲೆಯವರು ಬಲಕ್ಕೆ. ಈ ಸಂಘದಲ್ಲಿ ಚೆಂಡೆಯವರು ಭಾಗವತರ ಎಡಕ್ಕೆ ನಾಲ್ಕು ಅಡಿ ಆಚೆ, ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಮೈಕ್ ಇರುತ್ತಿದ್ದುದು ಭಾಗವತರ ಮುಖದ ನೇರ ಎದುರಿಗೆ, ಸುಮಾರು ಒಂದು ಗೇಣು ದೂರದಲ್ಲಿ.

ಹಾಡುವವರು ಇಬ್ಬರು. ಹಿರಿಯ ಭಾಗವತರಿಗೆ ಎಪ್ಪತ್ತರ ಹತ್ತಿರ. ಮೈಕಿಲ್ಲದೆ ಹಾಡಿದ ಗುರುಗಳ ಹತ್ತಿರ ಕಲಿತವರು. ತುಂಬು ಕಂಠ. ಏರು ಪದಕ್ಕೆ, ಅಂದರೆ ಜೋರಿನ ಹಾಡಿಗೆ ಬಂದರೆ ಚೆಂಡೆಯವರ ಕಡೆ ತಿರುಗಿ ಹಾಡುವ ಅಭ್ಯಾಸ. ಇನ್ನೊಬ್ಬಳು ಅವರ ಶಿಷ್ಯೆ, ಕಾಲೇಜು ಓದುತ್ತಿದ್ದಾಳೆ. ಆಟದ ಮೊದಲ ಭಾಗ ಅವಳದ್ದು. ಒಳ್ಳೆಯ ಶ್ರುತಿ ಶುದ್ಧಿ, ಆದರೆ ಸ್ವರ ಮೆಲು. ಒಂದೇ ಮೈಕ್ ಇಬ್ಬರಿಗೂ ಹೊಂದಬೇಕು. ಅವಳು ಹಾಡುವಾಗ ಮಿಕ್ಸರಿನ ಹುಡುಗ ಗೇನ್, ಅಂದರೆ ಮೈಕಿನ ಸದ್ದನ್ನು ದೊಡ್ಡದು ಮಾಡುವ ಗುಂಡಿ, ಏರಿಸುತ್ತಾನೆ. ಗೇನ್ ಜೊತೆಗೆ ಚೆಂಡೆಯೂ ಅಷ್ಟೇ ಏರುತ್ತದೆ. ದೂರುಗಳಲ್ಲಿ ಹೆಚ್ಚಿನವು ಅವಳ ಸರದಿಯಲ್ಲೇ ಬಂದವು ಎನ್ನುವುದು ವಿಚಾರಿಸಿದ ಮೇಲೆ ಗೊತ್ತಾಯಿತು. ತಪ್ಪು ಹುಡುಗಿಯದ್ದು ಎಂದು ಊರಿನವರು ಮಾತಾಡಿಕೊಂಡದ್ದೂ ಉಂಟು. ಅವಳ ಪಾಡಿಗೆ ಅವಳು ಸರಿಯಾಗಿಯೇ ಹಾಡುತ್ತಿದ್ದಳು.

ಮೊದಲ ಲೆಕ್ಕ ದೂರದ್ದು. ತೆರೆದ ಜಾಗದಲ್ಲಿ ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ಸ್ವರ 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಗೇಣು ದೂರದ ಮೈಕನ್ನು ನಾಲ್ಕು ಬೆರಳಿಗೆ ತಂದರೆ ಸ್ವರ ಹತ್ತು ಡೆಸಿಬೆಲ್ ಹತ್ತಿರ ಏರುತ್ತದೆ. ನಾಲ್ಕು ಅಡಿ ದೂರದ ಚೆಂಡೆ ಇದ್ದಷ್ಟೇ ಇರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು ದಿಕ್ಕಿನ ಲೆಕ್ಕ. ವೇದಿಕೆಯಲ್ಲಿ ಹಾಡಲು ಬಳಸುವ ಮೈಕುಗಳು ಸಾಮಾನ್ಯವಾಗಿ ಎರಡು ಬಗೆ. ಕಾರ್ಡಿಯಾಯ್ಡ್ ಎದುರಿಗೆ ಚೆನ್ನಾಗಿ ಕೇಳುತ್ತದೆ, ನೇರ ಹಿಂದಕ್ಕೆ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಕಿರಿದಾಗಿ ಕೇಳುತ್ತದೆ. ಆದರೆ ಅದರ ಕಿವುಡು ಜಾಗ ನೇರ ಹಿಂದೆ ಅಲ್ಲ, ಮೈಕಿನ ನೇರ ಎದುರಿನಿಂದ ಅಳೆದರೆ ಎರಡೂ ಬದಿಯಲ್ಲಿ ಸುಮಾರು 126 ಡಿಗ್ರಿಯಲ್ಲಿ. ನೇರ ಹಿಂದಿನಿಂದ ಬಂದ ಸದ್ದು ಅದಕ್ಕೆ 12 ಡೆಸಿಬೆಲ್ ಮಾತ್ರ ಕಡಿಮೆ. ಪೂರ್ತಿ ಬದಿಯಿಂದ, ಅಂದರೆ 90 ಡಿಗ್ರಿಯಿಂದ ಬಂದರೆ ಕಾರ್ಡಿಯಾಯ್ಡಿಗೆ 6 ಡೆಸಿಬೆಲ್ ಕಡಿಮೆ, ಸೂಪರ್‌ಕಾರ್ಡಿಯಾಯ್ಡಿಗೆ 9ರ ಹತ್ತಿರ.

ಈಗ ನಮ್ಮ ಚೆಂಡೆ ಎಲ್ಲಿದೆ ನೋಡಿ. ಮೈಕ್ ಭಾಗವತರ ಮುಖ ನೋಡುತ್ತಿದೆ. ಚೆಂಡೆ ಭಾಗವತರಿಗಿಂತ ಹಿಂದೆ ಇದೆ. ಅಂದರೆ ಅದು ಮೈಕಿನ ಎದುರು ಭಾಗದಲ್ಲೇ ಬಂತು, ಸುಮಾರು 70 ಡಿಗ್ರಿ ಓರೆಯಲ್ಲಿ. ಅಲ್ಲಿ ಕಾರ್ಡಿಯಾಯ್ಡ್ ಮೂರೂವರೆ ಡೆಸಿಬೆಲ್ ಕಡಿಮೆ ಮಾಡುತ್ತದೆ, ಸೂಪರ್‌ಕಾರ್ಡಿಯಾಯ್ಡ್ ಹತ್ತಿರ ಹತ್ತಿರ 5. ಜಾಸ್ತಿ ದುಡ್ಡು ಕೊಟ್ಟು ಕಿರಿದಾದ ಮೈಕ್ ತಂದು ಹಳೆಯ ಜಾಗದಲ್ಲೇ ಇಟ್ಟರೆ ಸಿಗುವುದು ಒಂದು ಡೆಸಿಬೆಲ್ ಚಿಲ್ಲರೆ! ಒಳ್ಳೆಯ ಮೈಕ್ ತಂದರೂ ಪ್ರಯೋಜನ ಆಗಲಿಲ್ಲ ಎಂದು ಹೇಳುವ ಸಂಘಗಳನ್ನು ನೋಡಿದ್ದೇನೆ. ಹೆಚ್ಚಿನ ಕಡೆ ಇದೇ ಕಥೆ.

ಸ್ಟ್ಯಾಂಡನ್ನು ಭಾಗವತರ ಎದುರಿನಿಂದ ಎಡಕ್ಕೆ, ಅಂದರೆ ಚೆಂಡೆಯ ಬದಿಗೆ ಸರಿಸಿ ನೋಡೋಣ. ಮೈಕ್ ಬಾಯಿಯ ಎಡ ಮೂಲೆಯಿಂದ 45 ಡಿಗ್ರಿ ಓರೆಯಾಗಿ ಬಾಯಿಯನ್ನೇ ನೋಡಲಿ. ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಚೆಂಡೆ ಬೇಡ ಎನ್ನುವವರು ಮೈಕನ್ನು ಚೆಂಡೆಯ ಕಡೆಗೇ ಒಯ್ಯುವುದೆ? ಆದರೆ ಹೀಗೆ ಇಟ್ಟಾಗ ಮೈಕಿನ ಬೆನ್ನು ಚೆಂಡೆಯ ಕಡೆ ಬರುತ್ತದೆ. 70 ಡಿಗ್ರಿಯಲ್ಲಿದ್ದ ಚೆಂಡೆ 115 ಡಿಗ್ರಿಗೆ ಹೋಗುತ್ತದೆ. ಅಲ್ಲಿ ಕಾಗದದ ಲೆಕ್ಕದಲ್ಲಿ ಕಾರ್ಡಿಯಾಯ್ಡ್ 11 ಡೆಸಿಬೆಲ್ ಇಳಿಸುತ್ತದೆ, ಸೂಪರ್‌ಕಾರ್ಡಿಯಾಯ್ಡ್ 20. ಕೊಟ್ಟ ದುಡ್ಡಿಗೆ ಬೆಲೆ ಬರುವುದು ಇಲ್ಲಿ.

ಕಾಗದದ ಲೆಕ್ಕ ರಂಗಸ್ಥಳದಲ್ಲಿ ಪೂರ್ತಿ ಸಿಗುವುದಿಲ್ಲ. ಹಿಂದೆ ಫ್ಲೆಕ್ಸ್ ಕಟ್ಟಿದ್ದರೆ ಅದಕ್ಕೆ ಬಡಿದು ಸದ್ದು ವಾಪಸ್ ಬರುತ್ತದೆ. ತಗ್ಗು ಸದ್ದಿಗೆ ಯಾವ ಮೈಕಿನ ದಿಕ್ಕೂ ಅಷ್ಟು ಬಿಗಿ ಅಲ್ಲ. ಆದರೂ ಅರ್ಧ ಸಿಕ್ಕಿದರೆ ಸಾಕು, ಪದದ ಅಕ್ಷರ ಬಿಡಿಸಿ ಕೇಳುತ್ತದೆ.

ಮಾನಿಟರಿನ ವಿಷಯವೂ ಇದರೊಳಗೇ ಬಂತು. ಬಾಡಿಗೆಯವರು ರೂಢಿಯಂತೆ ಮಾನಿಟರನ್ನು, ಅಂದರೆ ಹಾಡುವವರಿಗೆ ತಮ್ಮ ಸ್ವರ ಕೇಳಲು ಇಡುವ ಸ್ಪೀಕರನ್ನು, ಮೈಕಿನ ನೇರ ಹಿಂದೆ ಇಡುತ್ತಾರೆ. ಕಾರ್ಡಿಯಾಯ್ಡಿಗೆ ಅದು ಸರಿ. ಸೂಪರ್‌ಕಾರ್ಡಿಯಾಯ್ಡಿಗೆ ಅಲ್ಲ. ಓರೆಯಾಗಿಟ್ಟ ಮೈಕಿಗೆ ಭಾಗವತರ ನೇರ ಎದುರು, ಮಂಚದ ಬುಡದಲ್ಲಿ ಇಟ್ಟ ಚಿಕ್ಕ ಮಾನಿಟರ್ 135 ಡಿಗ್ರಿ ಹತ್ತಿರ ಬರುತ್ತದೆ. ಅದು ಇನ್ನೊಂದು ಬದಿಯ ಕಿವುಡು ಜಾಗದ ಪಕ್ಕವೇ. ವೇಷಧಾರಿಗಳ ಕಾಲಿಗೂ ಅಡ್ಡ ಇಲ್ಲ. ಒಂದು ಕಿವುಡು ಬದಿಯಲ್ಲಿ ಚೆಂಡೆ, ಇನ್ನೊಂದರಲ್ಲಿ ಮಾನಿಟರ್. ಇಷ್ಟು ಸರಿಯಾಗಿ ಕೂರುತ್ತದೆ ಎಂದು ನಾನೂ ಎಣಿಸಿರಲಿಲ್ಲ.

ಬೇಡ ಎಂದು ಬಿಟ್ಟವು

ದಾನಿಯೊಬ್ಬರು ಕಂಡೆನ್ಸರ್ ಮೈಕ್ ಕೊಡಿಸಲು ತಯಾರಿದ್ದರು. ಶೂರ್ ಬೀಟಾ 87ಎ ತರಹದ್ದು. ಒಳ್ಳೆಯ ಮೈಕೇ. ಮುಚ್ಚಿದ ಹಾಲ್‌ನಲ್ಲಿ, ಎಸಿ ಇರುವ ಕಡೆ, ಮೆಲು ಸ್ವರದವರಿಗೆ ಚೆಂದ ಕೇಳುತ್ತದೆ. ಆದರೆ ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲಿನಲ್ಲೇ ಬರುವ ಕರೆಂಟು ಬೇಕು. ಮಂಜು ಬೀಳುವ ಬಯಲಿನಲ್ಲಿ, ಕಡಲ ಗಾಳಿಯಲ್ಲಿ ತೇವ ಹಿಡಿದರೆ ಕಂಡೆನ್ಸರ್ ಚಟಪಟ ಎನ್ನಲು ಶುರು ಮಾಡುತ್ತದೆ. ಡೈನಮಿಕ್ ಮೈಕಿನಲ್ಲಿ ಇರುವುದು ಒಂದು ತೆಳು ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಒಂದು ಅಯಸ್ಕಾಂತ. ಕೆಡಲು ಹೆಚ್ಚು ಏನೂ ಇಲ್ಲ. ಚೆಂಡೆಯ ಪೆಟ್ಟು ಎಷ್ಟೇ ಜೋರಾದರೂ ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಡೈನಮಿಕ್ ಎಂದು ನಿಶ್ಚಯಿಸಿದೆವು.

ತಲೆಗೆ ಸಿಕ್ಕಿಸುವ ವೈರ್‌ಲೆಸ್ ಬೇಕೆಂದು ಯುವಕರ ಆಸೆ. ಮುಂಡಾಸು, ಬೆವರು, ಬ್ಯಾಟರಿ, ಆಟದ ನಡುವೆ ಇಬ್ಬರು ಬದಲಾಯಿಸಿಕೊಳ್ಳುವ ಗಡಿಬಿಡಿ. 25 ಸಾವಿರದಲ್ಲಿ ಬಾಳಿಕೆ ಬರುವಂಥದ್ದು ಸಿಗುವುದೂ ಕಷ್ಟ. ಆ ಮಾತು ಅಲ್ಲಿಗೇ ನಿಂತಿತು.

ಅಹುಜಾ ಕಂಪನಿಯ ಮೈಕ್ ಯಾಕೆ ಬೇಡ ಎಂದು ಖಜಾಂಚಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೆಲೆ ಕಡಿಮೆ, ರಿಪೇರಿ ಎಲ್ಲ ಕಡೆ ಸಿಗುತ್ತದೆ. ಪ್ರಕಟಣೆಗೆ, ಭಾಷಣಕ್ಕೆ ನಾನು ಇವತ್ತಿಗೂ ಅದನ್ನೇ ಒಯ್ಯುತ್ತೇನೆ. ಈ ಕೆಲಸಕ್ಕೆ ಬೇಕಾದ ಬಿಗಿ ದಿಕ್ಕು ಮಾತ್ರ ಬೇರೆ ಕಡೆ ಹುಡುಕಬೇಕಿತ್ತು.

ಪರೀಕ್ಷೆ

ಪರಿಚಯದ ಸೌಂಡ್ಸ್‌ನವರಿಂದ ಮೂರು ಮೈಕ್ ಎರವಲು ತಂದೆವು: ಶೂರ್ ಎಸ್‌ಎಂ 58, ಶೂರ್ ಬೀಟಾ 58ಎ, ಸೆನ್‌ಹೈಸರ್ ಇ 845. ಮೊದಲನೆಯದು ಕಾರ್ಡಿಯಾಯ್ಡ್. ಉಳಿದೆರಡು ಸೂಪರ್‌ಕಾರ್ಡಿಯಾಯ್ಡ್. ಮೂರಕ್ಕೂ ಸ್ವಿಚ್ ಇಲ್ಲ. ಸಂಘದ ಅಭ್ಯಾಸದ ಶೆಡ್ಡಿನಲ್ಲಲ್ಲ, ಹೊರಗೆ ಗದ್ದೆಯಲ್ಲೇ ಮಂಚ ಹಾಕಿ ನೋಡಿದೆವು. ಶೆಡ್ಡಿನ ತಗಡಿನ ಮಾಡು ಎಲ್ಲ ಮೈಕನ್ನೂ ಒಂದೇ ತರಹ ಕೆಡಿಸುತ್ತದೆ.

ಕ್ರಮ ಸರಳ. ಒಂದೊಂದೇ ಮೈಕ್ ಇಡುವುದು. ಶಿಷ್ಯೆ ಒಂದೇ ಪದ ಹಾಡುವುದು. ಮಿಕ್ಸರಿನ ಮೀಟರಿನಲ್ಲಿ ಅವಳ ಸ್ವರ ಒಂದೇ ಗೆರೆಗೆ ಬರುವಂತೆ ಗೇನ್ ಹೊಂದಿಸುವುದು. ಆಮೇಲೆ ಅವಳು ಸುಮ್ನೆ ಕೂರುವುದು, ಚೆಂಡೆಯವರು ಏರು ಪದದ ಪೆಟ್ಟು ಬಾರಿಸುವುದು. ಮೀಟರ್ ಎಷ್ಟು ಏರಿತು ಎಂದು ನೋಡುವುದು. ಸ್ವರ ಸಮ ಮಾಡದೆ ಮೈಕುಗಳನ್ನು ಹೋಲಿಸಿದರೆ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಕಿವಿ ಮೋಸ ಹೋಗುವುದು ಅಲ್ಲೇ.

ನೇರ ಎದುರಿಗಿಟ್ಟಾಗ ಮೂರರಲ್ಲೂ ಚೆಂಡೆ ಹೆಚ್ಚುಕಡಿಮೆ ಒಂದೇ. ಓರೆಗೆ ಸರಿಸಿದ ಕೂಡಲೇ ಮೂರೂ ಸುಧಾರಿಸಿದವು. ಸೂಪರ್‌ಕಾರ್ಡಿಯಾಯ್ಡ್ ಎರಡೂ ಎಸ್‌ಎಂ 58ಗಿಂತ ಸ್ಪಷ್ಟವಾಗಿ ಮುಂದೆ. ಚೆಂಡೆಯವರು ಕೋಲು ನಿಲ್ಲಿಸಿ, "ನಾನು ಮೆಲ್ಲಗೆ ಬಾರಿಸಿದ್ದಲ್ಲ ಮಾರಾಯ್ರೆ, ಮೊದಲಿನಷ್ಟೇ ಬಾರಿಸಿದ್ದು" ಎಂದು ತಾವೇ ಹೇಳಿದರು.

ಆಮೇಲೆ ಮಿಕ್ಸರಿನಿಂದ ರೆಕಾರ್ಡ್ ಮಾಡಿದ್ದನ್ನು ಯಾವ ಮೈಕ್ ಎಂದು ಹೇಳದೆ ಸಮಿತಿಗೆ ಕೇಳಿಸಿದೆವು. ಎಸ್‌ಎಂ 58 ತುಂಬಿದ ಸ್ವರ. ಇ 845 ಮೆದು. ಬೀಟಾ 58ಎಯಲ್ಲಿ ಅಕ್ಷರ ಹೆಚ್ಚು ಬಿಡಿಸಿ ಬಂತು, ಆದರೆ ತಾಳದ ಕಿಣಿಕಿಣಿಯೂ ಸ್ವಲ್ಪ ಜಾಸ್ತಿ. ಆ ಮೈಕಿನ ಅಯಸ್ಕಾಂತ ನಿಯೋಡಿಮಿಯಮ್ ಎಂಬ ಬಲವಾದ ಬಗೆಯದ್ದು. ಎಸ್‌ಎಂ 58ಗಿಂತ ಸುಮಾರು 3 ಡೆಸಿಬೆಲ್ ಹೆಚ್ಚು ಜೋರಾಗಿ ಮಿಕ್ಸರಿಗೆ ಸಿಗುತ್ತದೆ. ಮೆಲು ಸ್ವರದ ಹುಡುಗಿಗೆ ಅದು ಅನುಕೂಲ. ಪದ ಅರ್ಥವಾಗುವುದಿಲ್ಲ ಎನ್ನುವುದೇ ಮುಖ್ಯ ದೂರಾಗಿದ್ದರಿಂದ ಬೀಟಾ 58ಎ ಎಂದಾಯಿತು. ಸಮಿತಿಯಲ್ಲಿ ಇಬ್ಬರಿಗೆ ಇ 845ರ ಮೇಲೆಯೇ ಮನಸ್ಸು, ಬೆಲೆಯೂ ಕಡಿಮೆ. ಅದನ್ನೇ ತಂದಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ.

ಚೆಂಡೆ ಪಕ್ಕದಲ್ಲಿಲ್ಲದ ಕಡೆ, ಭಜನೆಗೋ ಭಾವಗೀತೆಗೋ ಆಗಿದ್ದರೆ ಎಸ್‌ಎಂ 58 ಸಾಕು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. 1966ರಿಂದ ತಯಾರಾಗುತ್ತಿರುವ ಮೈಕ್ ಅದು. ಅದರ ಒಳಹೊರಗು ಗೊತ್ತಿಲ್ಲದ ಸೌಂಡಿನವರು ಇಲ್ಲ. ಹಾಡುವವರು ತಲೆ ಅತ್ತಿತ್ತ ಆಡಿಸಿದರೂ ಅದು ಸಹಿಸುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಅಷ್ಟು ಸಹಿಸುವುದಿಲ್ಲ.

ಬಾಳಿಕೆ

ಬಾಳಿಕೆ ಎಂದರೆ ಎಲ್ಲರ ತಲೆಗೆ ಬರುವುದು ಬಿದ್ದರೆ ಒಡೆಯುತ್ತದೋ ಇಲ್ಲವೋ ಎನ್ನುವುದು. ಈ ಮೂರೂ ಲೋಹದ ಮೈ. ತಲೆಕೆಳಗಾಗಿ ಬಿದ್ದರೆ ಉಕ್ಕಿನ ಜಾಲರಿ ನೆಗ್ಗಿ ಪೆಟ್ಟು ತಿನ್ನುತ್ತದೆ, ಒಳಗೆ ಸದ್ದು ಹಿಡಿಯುವ ಭಾಗ, ಅಂದರೆ ಕ್ಯಾಪ್ಸೂಲ್, ಉಳಿಯುತ್ತದೆ. ಜಾಲರಿ ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದು. ಶೂರ್‌ನದ್ದಕ್ಕೆ ಕ್ಯಾಪ್ಸೂಲ್ ಕೂಡ ಬಿಡಿಭಾಗವಾಗಿ ಸಿಗುತ್ತದೆ. ಮೈಕ್ ಕೊಳ್ಳುವ ಮೊದಲು ಜಾಲರಿ ಬಿಡಿಯಾಗಿ ಸಿಗುತ್ತದೆಯೇ ಎಂದು ಒಂದು ಮಾತು ಕೇಳಿ.

ನಮ್ಮ ಕಡೆ ಮೈಕ್ ಬಿದ್ದು ಹಾಳಾಗುವುದು ಕಡಿಮೆ. ಉಗುಳು, ಕವಳ, ಉಪ್ಪುಗಾಳಿ, ಮಳೆಗಾಲದ ತೇವದಿಂದಲೇ ಹಾಳಾಗುವುದು ಜಾಸ್ತಿ. ಹವ್ಯಾಸಿ ಸಂಘದ ಮೈಕ್ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದರೆ ದೀಪಾವಳಿವರೆಗೆ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಮಳೆಗಾಲದ ಆ ತಿಂಗಳುಗಳಲ್ಲಿ ಒಳಗಿನ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಮಾಡಿದ ಏರ್ಪಾಡು ಹೀಗೆ. ಆಟ ಮುಗಿದ ಮರುದಿನ ಜಾಲರಿ ಮಾತ್ರ ಬಿಚ್ಚಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ತೊಳೆಯುವುದು. ಕ್ಯಾಪ್ಸೂಲಿಗೆ ಒಂದು ಹನಿಯೂ ತಾಗಬಾರದು. ಜಾಲರಿಯನ್ನು ನೆರಳಲ್ಲಿ ಪೂರ್ತಿ ಒಣಗಿಸಿಯೇ ಮತ್ತೆ ಹಾಕುವುದು. ಮಳೆಗಾಲಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಶಿಷ್ಯೆ ತನ್ನ ಲೆಕ್ಕದಲ್ಲಿ ಇನ್ನೊಂದು ಜಾಲರಿ ತರಿಸಿಕೊಂಡಳು. ಗುರುಗಳ ಕವಳದ ಬಗ್ಗೆ ಬಾಯಿ ಬಿಟ್ಟು ಹೇಳಲು ಅವಳಿಗೆ ಸಂಕೋಚ. ನಮಗೂ ಸಂಕೋಚವೇ.

ಕೇಬಲ್ ವಿಷಯದಲ್ಲಿ ಖಜಾಂಚಿಯವರ ಜೊತೆ ಸ್ವಲ್ಪ ಜಗ್ಗಾಟ ಆಯಿತು. ಮೈಕಿಗೆ ಸಾವಿರಗಟ್ಟಲೆ ಸುರಿದು ಕೇಬಲಿಗೆ ನೂರು ಇನ್ನೂರು ರೂಪಾಯಿ ಉಳಿಸುವುದು ನನಗೆ ಒಪ್ಪಿಗೆ ಇಲ್ಲ. ಆಟದ ನಡುವೆ ಮೈಕ್ "ಸತ್ತಿತು" ಎಂದು ಕರೆ ಬಂದಾಗ ಹೋಗಿ ನೋಡಿದರೆ ಹೆಚ್ಚಿನ ಸಲ ಸತ್ತಿರುವುದು ಕೇಬಲ್ ತುದಿಯ ಬೆಸುಗೆ. ಚಿನ್ನದ ಲೇಪದ ಪಿನ್ನಿನ ಕನೆಕ್ಟರ್ ಇರುವ ಎರಡು ಕೇಬಲ್ ತಂದೆವು, ಒಂದು ಬಳಕೆಗೆ, ಒಂದು ಎಚ್ಚರಿಕೆಗೆ. ಅಂಗೈಯಿಂದ ಮೊಣಕೈಗೆ ಸುತ್ತುವ ಅಭ್ಯಾಸ ಬಿಡಿಸಲು ಇನ್ನೂ ಆಗಿಲ್ಲ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಬೇಗ ಕಡಿಯುತ್ತದೆ.

ಆಟಕ್ಕೆ ಇಳಿದ ಮೇಲೆ

ಮೊದಲ ಆಟದಲ್ಲೇ ಹೊಸ ತಕರಾರು. ಚೆಂಡೆಯ ಬದಿಗೆ ಬಂದ ಮೈಕ್ ಮತ್ತು ಸ್ಟ್ಯಾಂಡಿನ ತಲೆ ಹಿರಿಯ ಭಾಗವತರ ಕಣ್ಣಿಗೆ ಅಡ್ಡ. ಭಾಗವತರೂ ಚೆಂಡೆಯವರೂ ಮುಖ ನೋಡಿಕೊಳ್ಳದೆ ಮುಕ್ತಾಯ ಕೊಡುವುದು ಹೇಗೆ? "ಚೆಂಡೆಯವರ ಕೈ ಕಾಣುದಿಲ್ಲ, ಇದನ್ನು ತೆಗೀರಿ ಮೊದಲು" ಎಂದರು. ಬೂಮ್ ಸ್ಟ್ಯಾಂಡಿನ ಕೈಯನ್ನು ತಗ್ಗಿಸಿ, ಮೈಕ್ ಗಲ್ಲದ ಕೆಳಗಿನಿಂದ ಬಾಯಿಯನ್ನು ನೋಡುವಂತೆ ಓರೆ ಮಾಡಿದೆವು. ದಿಕ್ಕು ಅದೇ ಉಳಿಯಿತು, ಕಣ್ಣಿಗೆ ಅಡ್ಡ ಹೋಯಿತು. ಆಗ ತಾಳ ಮೈಕಿನ ಬೆನ್ನ ಹಿಂದೆ ಬಂತು. ಸೂಪರ್‌ಕಾರ್ಡಿಯಾಯ್ಡ್ ನೇರ ಹಿಂದಕ್ಕೆ ಪೂರ್ತಿ ಕಿವುಡು ಅಲ್ಲವಲ್ಲ, ಕಿಣಿಕಿಣಿ ಮತ್ತೆ ಕೇಳಿತು. ಭಾಗವತರು ತಾಳವನ್ನು ಒಂದು ಗೇಣು ಬಲಕ್ಕೆ ಹಿಡಿದು ನೋಡಿದರು. ಕಡಿಮೆಯಾಯಿತು. ಅವರಿಗೆ ಅದು ಕಷ್ಟವೂ ಆಗಲಿಲ್ಲ.

ಒಂದು ಅನುಕೂಲ ತಾನಾಗಿ ಬಂತು. ಏರು ಪದದಲ್ಲಿ ಅವರು ಚೆಂಡೆಯ ಕಡೆ ತಿರುಗಿದಾಗ ಮೊದಲು ಸ್ವರ ಮೈಕಿನಿಂದ ತಪ್ಪುತ್ತಿತ್ತು. ಈಗ ತಿರುಗಿದಾಗ ಮೈಕಿಗೇ ಹತ್ತಿರ ಬರುತ್ತಾರೆ. ಬಲಕ್ಕೆ, ಮದ್ದಲೆಯ ಕಡೆ ತಿರುಗಿದರೆ ಮಾತ್ರ ಸ್ವರ ಇಳಿಯುತ್ತದೆ.

ನಾಲ್ಕು ಬೆರಳಿನ ದೂರಕ್ಕೆ ಬಂದಾಗ ಸ್ವರದ ತಗ್ಗು ಭಾಗ ಉಬ್ಬುತ್ತದೆ. ದಿಕ್ಕಿರುವ ಹೆಚ್ಚಿನ ಮೈಕುಗಳ ಗುಣ ಅದು. ಮಿಕ್ಸರಿನಲ್ಲಿ ತಗ್ಗು ಸದ್ದು ಕತ್ತರಿಸುವ ಗುಂಡಿಯನ್ನು ಒತ್ತಿಟ್ಟೆವು. ಉಬ್ಬೂ ಹೋಯಿತು, ಮಂಚದ ದಡದಡವೂ ಹೋಯಿತು. ಜಾಲರಿಯನ್ನು ಕೈಯಿಂದ ಮುಚ್ಚಿ ಹಿಡಿಯಬಾರದು ಎಂದು ಪ್ರಕಟಣೆ ಮಾಡುವವರಿಗೂ ಹೇಳಿದ್ದಾಯಿತು. ಮುಚ್ಚಿದರೆ ಮೈಕಿನ ದಿಕ್ಕೇ ಕೆಟ್ಟು ಬೊಬ್ಬೆ ಶುರುವಾಗುತ್ತದೆ.

ಸಮಿತಿಗೆ ಇನ್ನೊಂದು ಸಮಾಧಾನ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. ಹಾಗಾಗಿ ಈ ಸಂಘ ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಆಟಕ್ಕೇ ಹೊರಳಿದೆ. 10ರ ಮೊದಲೂ ವಸತಿ ಪ್ರದೇಶದಲ್ಲಿ ಮಿತಿ 55 ಡೆಸಿಬೆಲ್. ಸ್ವರದ ಮೈಕಿನಲ್ಲಿ ಚೆಂಡೆ ತುಂಬಿದ್ದಾಗ ಪದ ಕೇಳಿಸಲು ಇಡೀ ಸೌಂಡ್ ಏರಿಸಬೇಕಾಗುತ್ತಿತ್ತು. ಈಗ ಹುಡುಗ ಮೊದಲಿಗಿಂತ ತಗ್ಗಿಸಿಯೇ ನಡೆಸುತ್ತಿದ್ದಾನೆ. ಚೆಂಡೆಗೆ ಹೇಗೂ ಸ್ಪೀಕರ್ ಬೇಕಿಲ್ಲ, ಅದು ತಾನಾಗಿಯೇ ಊರಿಗೆ ಕೇಳುತ್ತದೆ.

ಉಳಿದಿರುವ ದೂರು ಈಗ ಅರ್ಥದ್ದು. ವೇಷಧಾರಿಗಳ ಮಾತು ರಂಗಸ್ಥಳದ ಎಡ ಮೂಲೆಯಲ್ಲಿ ನಿಂತರೆ ಕೇಳುವುದಿಲ್ಲ. ಅದಕ್ಕೆ ಇದೇ ಮೈಕ್ ಇನ್ನೆರಡು ತಂದರೆ ಸಾಕಲ್ಲ ಎಂದು ಖಜಾಂಚಿಯವರು ಕೇಳಿದರು. ಸಾಕಾಗುವುದಿಲ್ಲ. ಭಾಗವತರ ಬಾಯಿ ನಾಲ್ಕು ಬೆರಳು ದೂರ, ವೇಷಧಾರಿಯದ್ದು ಐದಾರು ಅಡಿ. ಆ ಕೆಲಸಕ್ಕೆ ಬೇಕಾದ ಮೈಕ್ ಬೇರೆ, ಅದಕ್ಕೆ ದುಡ್ಡು ಈ ವರ್ಷ ಇಲ್ಲ.